ಮನೆಯ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುವ ಬಗೆ: ಸಮಗ್ರ ಮಾರ್ಗದರ್ಶಿ

ಮನೆಯೊಳಗಿನ ಕಂಪ್ಯೂಟರ್, ಕ್ಯಾಮೆರಾ ರೆಕಾರ್ಡರ್ ಅಥವಾ ಗೇಮ್ ಸರ್ವರ್ ಒಂದನ್ನು ಹೊರಗಿನಿಂದ ಇಂಟರ್ನೆಟ್ ಮೂಲಕ ತಲುಪಬೇಕಾದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕಾಗುತ್ತದೆ. ರೂಟರ್‌ನ ಪುಟ ತೆರೆದು ಆ ನಿಯಮವನ್ನು ಬರೆಯುವುದು ಐದು ನಿಮಿಷದ ಕೆಲಸ. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಇದು ಕೈಗೂಡುವುದಿಲ್ಲ. ಏಕೆಂದರೆ ಆ ಐದು ನಿಮಿಷಕ್ಕೂ ಮೊದಲು ಪರೀಕ್ಷಿಸಿಕೊಳ್ಳಬೇಕಾದ ಸಂಗತಿಯೊಂದನ್ನು ಯಾರೂ ಹೇಳಿರುವುದಿಲ್ಲ. ಕೈಗೂಡಿದ ಮನೆಗಳಲ್ಲಿ ಮುಂದೆ ತೊಂದರೆ ಬರುವುದು, ಯಾವ ಯಂತ್ರವನ್ನು ಇಡೀ ಜಗತ್ತಿನ ಎದುರು ತೆರೆದಿಟ್ಟಿದ್ದೇವೆ ಎಂದು ಯೋಚಿಸದೆ ಇದ್ದುದರಿಂದ. ಈ ಬರಹದಲ್ಲಿ ಈ ಎರಡೂ ವಿಚಾರಗಳಿಗೆ ನಿಯಮ ಬರೆಯುವ ವಿಧಾನಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ನಿದರ್ಶನವನ್ನು ಹಿಡಿದು ಸಾಗೋಣ. ಮಲೆನಾಡಿನ ತೋಟದ ಮನೆಯೊಂದರಲ್ಲಿ ತಂದೆ ತಾಯಿ ಇದ್ದಾರೆ. ಅಂಗಳಕ್ಕೂ ಅಡಿಕೆ ಒಣಗಿಸುವ ಜಾಗಕ್ಕೂ ಕ್ಯಾಮೆರಾ ಹಾಕಿಸಿದ್ದಾರೆ. ಅವುಗಳ ದೃಶ್ಯ ಮನೆಯೊಳಗಿನ ಎನ್‌ವಿಆರ್ ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ. ಮಗಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದುಕೊಂಡು ಅದನ್ನು ನೋಡಬೇಕು. ಮನೆಗೆ ಫೈಬರ್ ಸಂಪರ್ಕವಿದೆ. ಇಷ್ಟು ಇಟ್ಟುಕೊಂಡು ಹೊರಡೋಣ. ನಿಮ್ಮ ಉದ್ದೇಶ ಮೈನ್‌ಕ್ರಾಫ್ಟ್ ಸರ್ವರ್ ಆಗಿರಲಿ, ಸ್ವಂತ ಜಾಲತಾಣವಾಗಿರಲಿ, ಹಂತಗಳು ಇವೇ. ಪೋರ್ಟ್ ಸಂಖ್ಯೆ, ಅಂದರೆ ಯಂತ್ರದ ಒಂದೊಂದು ಸೇವೆಯನ್ನು ಗುರುತಿಸುವ ಸಂಖ್ಯೆ, ಮಾತ್ರ ಬೇರೆಯಾಗುತ್ತದೆ.

ರೂಟರ್ ಏಕೆ ತಡೆಯುತ್ತದೆ

ಇಂಟರ್ನೆಟ್‌ನಲ್ಲಿ ಯಂತ್ರಗಳಿಗೆ ವಿಳಾಸ ಕೊಡುವ ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಪ್ರತಿಯೊಂದು ಫೋನಿಗೂ ಟಿವಿಗೂ ಕ್ಯಾಮೆರಾಕ್ಕೂ ಇವು ಸಾಲುವುದಿಲ್ಲ. ಆದ್ದರಿಂದ ಇಂಟರ್ನೆಟ್ ಸೇವಾದಾರರು ಒಂದು ಮನೆಗೆ ಹೆಚ್ಚೆಂದರೆ ಒಂದೇ ಸಾರ್ವಜನಿಕ ವಿಳಾಸ ಕೊಡುತ್ತಾರೆ. ಮನೆಯೊಳಗಿನ ಸಾಧನಗಳಿಗೆ ರೂಟರ್ ತಾನೇ ಖಾಸಗಿ ವಿಳಾಸಗಳನ್ನು ಹಂಚುತ್ತದೆ. ಈ ಖಾಸಗಿ ಬಳಕೆಗೆಂದೇ 1996ರಲ್ಲಿ ಮೂರು ಗುಂಪುಗಳನ್ನು ಕಾದಿರಿಸಲಾಯಿತು: 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವವು. ಇವು ಮನೆಯ ಅಥವಾ ಸಂಸ್ಥೆಯ ಒಳಗೆ ಮಾತ್ರ ನಡೆಯುತ್ತವೆ, ಹೊರಗಿನ ಇಂಟರ್ನೆಟ್‌ನಲ್ಲಿ ಇವುಗಳಿಗೆ ದಾರಿಯೇ ಇಲ್ಲ.

ಮನೆಯೊಳಗಿನ ಫೋನ್ ಒಂದು ತಾಣವನ್ನು ತೆರೆದಾಗ ರೂಟರ್ ಆ ಕೋರಿಕೆಯನ್ನು ತನ್ನ ಸಾರ್ವಜನಿಕ ವಿಳಾಸದ ಹೆಸರಿನಲ್ಲಿ ಹೊರಗೆ ಕಳುಹಿಸಿ, ಯಾರ ಪರವಾಗಿ ಕಳುಹಿಸಿದೆ ಎಂಬುದನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದೊಡನೆ ಆ ಬರಹವನ್ನು ನೋಡಿ ಸರಿಯಾದ ಫೋನಿಗೆ ತಲುಪಿಸುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು. ಆದರೆ ಒಳಗಿನಿಂದ ಯಾರೂ ಕೇಳದೆಯೇ ಹೊರಗಿನಿಂದ ತಾನಾಗಿ ಬರುವ ಸಂಪರ್ಕಕ್ಕೆ ಕೋಷ್ಟಕದಲ್ಲಿ ಯಾವ ನಮೂದೂ ಇರುವುದಿಲ್ಲ. ಹತ್ತು ಸಂಸಾರಗಳಿರುವ ವಠಾರಕ್ಕೆ ಬರೀ ಬೀದಿಯ ನಂಬರ್ ಬರೆದು, ಯಾರ ಹೆಸರನ್ನೂ ಬರೆಯದೆ ಕಳುಹಿಸಿದ ಕಾಗದದ ಪಾಡು ಅದರದು. ರೂಟರ್ ಅದನ್ನು ಬಿಸಾಡುತ್ತದೆ. ‘ಇಂಥ ಪೋರ್ಟ್ ಸಂಖ್ಯೆಗೆ ಬಂದದ್ದೆಲ್ಲ ಒಳಗಿನ ಇಂಥ ಯಂತ್ರಕ್ಕೆ’ ಎಂದು ಮೊದಲೇ ಬರೆದಿಡುವ ನಿಯಮವೇ ಪೋರ್ಟ್ ಫಾರ್ವರ್ಡಿಂಗ್.

ಪೋರ್ಟ್ ಸಂಖ್ಯೆಗಳು 65535ರವರೆಗೆ ಇರುತ್ತವೆ. ಜಾಲತಾಣಗಳಿಗೆ 80 ಮತ್ತು 443, ದೂರದ ಯಂತ್ರಕ್ಕೆ ಆದೇಶ ಕೊಡುವ ಎಸ್‌ಎಸ್‌ಎಚ್‌ಗೆ 22, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗೆ 3389, ಕ್ಯಾಮೆರಾಗಳ ದೃಶ್ಯ ಸಾಗಿಸುವ ಆರ್‌ಟಿಎಸ್‌ಪಿಗೆ 554, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ 25565, ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ (ಹೊರಗಿನಿಂದ ಮನೆಯ ಜಾಲದೊಳಕ್ಕೆ ಸುರಕ್ಷಿತ ಸುರಂಗ ಹಾಕುವ ತಂತ್ರಾಂಶ) 51820 ಎಂಬುದು ರೂಢಿ. ಸಂಖ್ಯೆಯ ಜೊತೆಗೆ ಅದು ಟಿಸಿಪಿಯೋ ಯುಡಿಪಿಯೋ (ದತ್ತಾಂಶ ಸಾಗಿಸುವ ಎರಡು ಬೇರೆ ವಿಧಾನಗಳು) ಎಂಬುದೂ ಮುಖ್ಯ. ಮೈನ್‌ಕ್ರಾಫ್ಟ್ ಜಾವಾ ಟಿಸಿಪಿಯಲ್ಲಿ ನಡೆಯುತ್ತದೆ, ವೈರ್‌ಗಾರ್ಡ್ ಯುಡಿಪಿಯಲ್ಲಿ ಮಾತ್ರ ನಡೆಯುತ್ತದೆ. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಉಳಿದೆಲ್ಲ ಸರಿಯಿದ್ದರೂ ಸಂಪರ್ಕ ಸಿಗದು.

ಮೊದಲನೆಯ ಪರೀಕ್ಷೆ: ನಿಮಗೆ ನಿಜವಾದ ಸಾರ್ವಜನಿಕ ವಿಳಾಸ ಇದೆಯೇ?

ಬೇರೇನನ್ನೂ ಮುಟ್ಟುವ ಮೊದಲು ಇದನ್ನು ನೋಡಿ. ಮನೆಯ ವೈಫೈಗೆ ಸಂಪರ್ಕ ಪಡೆದ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ರೂಟರ್‌ನ ಪುಟವನ್ನು ತೆರೆಯಿರಿ. ಅದರ ವಿಳಾಸ ಸಾಮಾನ್ಯವಾಗಿ ರೂಟರ್‌ನ ಅಡಿಭಾಗದ ಚೀಟಿಯಲ್ಲಿ ಅಚ್ಚಾಗಿರುತ್ತದೆ, 192.168.1.1 ಅಥವಾ 192.168.0.1 ಹೆಚ್ಚು ಕಾಣಸಿಗುವಂಥವು. ಚೀಟಿ ಅಳಿಸಿಹೋಗಿದ್ದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು, ಡಿಫಾಲ್ಟ್ ಗೇಟ್‌ವೇ ಎಂಬ ಸಾಲನ್ನು ನೋಡಿ. ಆ ಸಂಖ್ಯೆಯೇ ರೂಟರ್‌ನ ವಿಳಾಸ.

ಲಾಗಿನ್ ಆದ ಮೇಲೆ ಸ್ಟೇಟಸ್ ಅಥವಾ ಇಂಟರ್ನೆಟ್ ಎಂಬ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಎಂಬ ಸಾಲು ಇರುತ್ತದೆ. ಆ ಸಂಖ್ಯೆಯನ್ನು ಬರೆದುಕೊಳ್ಳಿ. ಈಗ ಅದೇ ಕಂಪ್ಯೂಟರ್‌ನಲ್ಲಿ ನಿಮ್ಮ ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ತಾಣವನ್ನು ತೆರೆದು, ಅಲ್ಲಿ ಕಾಣುವ ಐಪಿವಿ4 ವಿಳಾಸವನ್ನು ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಹಾದಿ ಸುಗಮ. ಹೋಲಿಸುವಾಗ ವಿಪಿಎನ್ ಚಾಲೂ ಇರಬಾರದು, ಮೊಬೈಲ್ ಡೇಟಾ ಬಳಕೆಯಲ್ಲಿರಬಾರದು.

ಎರಡೂ ಬೇರೆಯಾಗಿದ್ದರೆ ರೂಟರ್‌ನಲ್ಲಿ ಕಂಡ ಸಂಖ್ಯೆಯ ಆರಂಭವನ್ನು ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಸೇವಾದಾರರು ಸಿಜಿನ್ಯಾಟ್ ಬಳಸುತ್ತಿದ್ದಾರೆ, ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆ. ಈ ಗುಂಪನ್ನು 2012ರಲ್ಲಿ ಈ ಉದ್ದೇಶಕ್ಕೆಂದೇ ಕಾದಿರಿಸಲಾಗಿದೆ. ಇಲ್ಲಿ ನಿಮ್ಮ ರೂಟರ್‌ನಲ್ಲಿ ಎಷ್ಟು ನಿಯಮ ಬರೆದರೂ ಪ್ರಯೋಜನವಿಲ್ಲ. ಹೊರಗಿನ ಸಂಪರ್ಕ ನಿಮ್ಮ ಮನೆಯವರೆಗೆ ಬರುವುದೇ ಇಲ್ಲ, ಸೇವಾದಾರರ ಯಂತ್ರದಲ್ಲೇ ನಿಂತುಹೋಗುತ್ತದೆ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಆಮೇಲೆ ಬೆಳೆದ ಜಾಲಗಳಿಗೆ ಹಂಚಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಭಾರತದಲ್ಲಿ ಮನೆಮನೆಗೆ ಫೈಬರ್ ಬಂದದ್ದು ಹೆಚ್ಚಾಗಿ ಅದರ ನಂತರವೇ ಆದ್ದರಿಂದ, ಅಮೆರಿಕದ ಓದುಗರಿಗೆಂದು ಬರೆದ ಮಾರ್ಗದರ್ಶಿಗಳನ್ನು ಅಕ್ಷರಶಃ ಪಾಲಿಸಿದವರೂ ಇಲ್ಲಿ ಸೋಲುತ್ತಾರೆ.

ಸಿಜಿನ್ಯಾಟ್ ಇದ್ದರೆ ಏನು ಮಾಡಬಹುದು? ಸೇವಾದಾರರ ಸಹಾಯವಾಣಿಗೆ ಕರೆ ಮಾಡಿ ಸ್ಟ್ಯಾಟಿಕ್ ಐಪಿ (ಬದಲಾಗದ ಸಾರ್ವಜನಿಕ ವಿಳಾಸ) ಬೇಕೆಂದು ಕೇಳುವುದು ಒಂದು ದಾರಿ. ಅದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ, ಕೆಲವರು ಅದನ್ನು ಮನೆಬಳಕೆಯ ಪ್ಲಾನ್‌ಗಳಿಗೆ ಕೊಡುವುದಿಲ್ಲ. ಸ್ಥಿರವಲ್ಲದಿದ್ದರೂ ಸರಿ, ಸಾರ್ವಜನಿಕ ವಿಳಾಸ ಸಿಗುತ್ತದೆಯೇ ಎಂದೂ ಕೇಳಿ ನೋಡಿ. ಊರಿನ ಸಣ್ಣ ಆಪರೇಟರ್‌ಗಳಲ್ಲಿ ಕೆಲವೊಮ್ಮೆ ಒಂದು ಫೋನ್ ಕರೆಯಲ್ಲೇ ಕೆಲಸ ಆಗುತ್ತದೆ. ಎರಡನೆಯ ದಾರಿ ಟೇಲ್‌ಸ್ಕೇಲ್‌ನಂಥ ಸೇವೆ. ಅದರಲ್ಲಿ ಎರಡೂ ತುದಿಯ ಯಂತ್ರಗಳು ಒಳಗಿನಿಂದ ಹೊರಕ್ಕೆ ಸಂಪರ್ಕ ಆರಂಭಿಸಿ ನಡುವೆ ಕೂಡಿಕೊಳ್ಳುವುದರಿಂದ ಫಾರ್ವರ್ಡಿಂಗ್ ಬೇಕಾಗುವುದೇ ಇಲ್ಲ. ಮೂರನೆಯದು ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ, ಅದನ್ನು ಮುಂದೆ ನೋಡೋಣ.

ಎರಡು ರೂಟರ್‌ಗಳ ಸಮಸ್ಯೆ

ರೂಟರ್‌ನ ವ್ಯಾನ್ ಸಾಲಿನಲ್ಲಿ 192.168ರಿಂದ ಆರಂಭವಾಗುವ ಸಂಖ್ಯೆ ಕಂಡರೆ ಕಾರಣ ಬಹುಶಃ ಮನೆಯಲ್ಲೇ ಇದೆ. ಫೈಬರ್ ಹಾಕಲು ಬಂದವರು ಗೋಡೆಗೆ ಹೊಡೆದು ಹೋದ, ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ತಾನೂ ಒಂದು ರೂಟರ್. ವೈಫೈ ಸಾಲದೆಂದು ನೀವು ಅಂಗಡಿಯಿಂದ ತಂದು ಜೋಡಿಸಿದ್ದು ಇನ್ನೊಂದು. ಎರಡೂ ನ್ಯಾಟ್ ಮಾಡುತ್ತಿವೆ. ನೀವು ಒಳಗಿನದರಲ್ಲಿ ನಿಯಮ ಬರೆದಿದ್ದೀರಿ, ಹೊರಗಿನದಕ್ಕೆ ಅದರ ಸುಳಿವೇ ಇಲ್ಲ.

ಇದಕ್ಕೆ ಅತಿ ಸರಳ ಪರಿಹಾರವೆಂದರೆ ನಿಮ್ಮ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ನ್ಯಾಟ್ ಬಿಟ್ಟು ವೈಫೈ ಮಾತ್ರ ಕೊಡುವ ಸ್ಥಿತಿಗೆ) ಬದಲಿಸಿ, ಎಲ್ಲ ನಿಯಮಗಳನ್ನು ಒಎನ್‌ಟಿಯಲ್ಲೇ ಬರೆಯುವುದು. ಆದರೆ ಒಎನ್‌ಟಿಯ ಅಡ್ಮಿನ್ ಪಾಸ್‌ವರ್ಡ್ ಹಲವೊಮ್ಮೆ ಗ್ರಾಹಕರಿಗೆ ಸಿಗುವುದಿಲ್ಲ, ಸಿಕ್ಕಿದರೂ ಫಾರ್ವರ್ಡಿಂಗ್ ಪುಟವನ್ನು ಮರೆಮಾಡಿರುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಅಚ್ಚುಕಟ್ಟಾದ ವ್ಯವಸ್ಥೆಯೆಂದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ದಾಟಿಸುವುದಷ್ಟೇ ಮಾಡುವ ಸ್ಥಿತಿಗೆ) ಹಾಕಿಸಿ, ಸೇವಾದಾರರ ಜಾಲಕ್ಕೆ ಪ್ರವೇಶ ಕೊಡುವ ಪಿಪಿಪಿಒಇ ಲಾಗಿನ್ ಅನ್ನು ನಿಮ್ಮ ರೂಟರ್‌ನಲ್ಲೇ ಕೊಡುವುದು. ಆಗ ಸಾರ್ವಜನಿಕ ವಿಳಾಸ ನೇರವಾಗಿ ನಿಮ್ಮ ರೂಟರ್‌ಗೇ ಬರುತ್ತದೆ. ಇದಕ್ಕೆ ಬಳಕೆದಾರ ಹೆಸರು, ಪಾಸ್‌ವರ್ಡ್ ಮತ್ತು ಕೆಲವು ಜಾಲಗಳಲ್ಲಿ ವಿಲ್ಯಾನ್ ಸಂಖ್ಯೆಯೂ ಬೇಕು. ಬದಲಿಸುವ ಮೊದಲೇ ಈ ಮೂರನ್ನೂ ಆಪರೇಟರ್‌ರಿಂದ ಕೇಳಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಡುವೆಯೇ ಇಂಟರ್ನೆಟ್ ಹೋಗಿ ಕೂರಬೇಕಾಗುತ್ತದೆ. ಇವೆರಡೂ ಆಗದಿದ್ದಲ್ಲಿ ಎರಡು ಕಡೆ ನಿಯಮ ಬರೆಯಬಹುದು: ಒಎನ್‌ಟಿಯಲ್ಲಿ ನಿಮ್ಮ ರೂಟರ್‌ನ ವ್ಯಾನ್ ವಿಳಾಸಕ್ಕೆ, ನಿಮ್ಮ ರೂಟರ್‌ನಲ್ಲಿ ಕೊನೆಯ ಯಂತ್ರದ ವಿಳಾಸಕ್ಕೆ.

ವ್ಯಾನ್ ವಿಳಾಸ 10ರಿಂದ ಆರಂಭವಾಗಿದ್ದು, ಮನೆಯಲ್ಲಿ ಒಂದೇ ರೂಟರ್ ಇದ್ದರೆ ಅದೂ ಸೇವಾದಾರರ ಕಡೆಯ ನ್ಯಾಟ್ ಎಂದೇ ತಿಳಿಯಿರಿ. ಸಿಜಿನ್ಯಾಟ್‌ಗೆ ಹೇಳಿದ ದಾರಿಗಳೇ ಅದಕ್ಕೂ ಅನ್ವಯಿಸುತ್ತವೆ.

ಯಾವುದನ್ನು ತೆರೆಯಬೇಕು, ಯಾವುದನ್ನು ತೆರೆಯಬಾರದು

ಕ್ಯಾಮೆರಾ ಅಳವಡಿಸುವವರು ಹಲವರು ಎನ್‌ವಿಆರ್‌ನ 80, 554, 8000 ಅಥವಾ 37777 ಪೋರ್ಟ್‌ಗಳನ್ನು ನೇರವಾಗಿ ತೆರೆದು, ಫೋನಿನಲ್ಲಿ ದೃಶ್ಯ ತೋರಿಸಿ, ಹಣ ಪಡೆದು ಹೋಗುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ, ಮಾಡಿಸಿಕೊಳ್ಳಲೂಬೇಡಿ.

ತೆರೆದ ಪೋರ್ಟ್ ನಿಮ್ಮ ಮಗಳಿಗೆ ಮಾತ್ರ ತೆರೆದಿರುವುದಿಲ್ಲ. ಇಡೀ ಐಪಿವಿ4 ಜಾಲವನ್ನು ಹಗಲೂ ರಾತ್ರಿ ಜಾಲಾಡುವ ತಂತ್ರಾಂಶಗಳಿವೆ. ಶೋಡಾನ್‌ನಂಥ ಹುಡುಕಾಟ ತಾಣಗಳು ಸಿಕ್ಕಿದ್ದನ್ನು ಪಟ್ಟಿ ಮಾಡಿಯೂ ಇಡುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಅವುಗಳನ್ನು ಬಳಸಿ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ) ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಪಾಸ್‌ವರ್ಡ್ ಬದಲಿಸಿದರೆ ಸಾಕು ಎನ್ನುವಂತೆಯೂ ಇಲ್ಲ. 2021ರಲ್ಲಿ ಹಿಕ್‌ವಿಷನ್ ಎಂಬ ಕ್ಯಾಮೆರಾ ಕಂಪನಿಯ ಅನೇಕ ಮಾದರಿಗಳಲ್ಲಿ ಪತ್ತೆಯಾದ ದೋಷವೊಂದರಿಂದ, ಸಾಧನದ ವೆಬ್ ಪುಟವನ್ನು ತಲುಪಬಲ್ಲ ಯಾರೇ ಆಗಲಿ, ಯಾವ ಪಾಸ್‌ವರ್ಡ್ ಇಲ್ಲದೆಯೂ ಅದರೊಳಗೆ ಆದೇಶಗಳನ್ನು ನಡೆಸಬಹುದಾಗಿತ್ತು. ಅದಕ್ಕೆ ತಿದ್ದಿದ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಬಂತು. ಆದರೆ ತೋಟದ ಮನೆಯ ಅಟ್ಟದ ಮೇಲಿರುವ ಎನ್‌ವಿಆರ್‌ಗೆ ಹೊಸ ಫರ್ಮ್‌ವೇರ್ ಹಾಕುವವರು ಯಾರು?

ನಾನು ಪಾಲಿಸುವ ನಿಯಮ ಇದು: ಇಡೀ ಇಂಟರ್ನೆಟ್‌ನ ಎದುರು ಒಂಟಿಯಾಗಿ ನಿಲ್ಲಲೆಂದೇ ರಚಿಸಿದ, ನಿಯಮಿತವಾಗಿ ತಿದ್ದುಪಡಿ ಪಡೆಯುವ ತಂತ್ರಾಂಶಕ್ಕೆ ಮಾತ್ರ ಪೋರ್ಟ್ ತೆರೆಯಬೇಕು. ಎನ್‌ವಿಆರ್ ಅಂಥದ್ದಲ್ಲ, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಅಂಥದ್ದಲ್ಲ, ಫೈಲ್ ಹಂಚಿಕೆಯ 445ನೆಯ ಪೋರ್ಟ್ ಅಂತೂ ಅಲ್ಲವೇ ಅಲ್ಲ. ವೈರ್‌ಗಾರ್ಡ್ ಅಂಥದ್ದು. ಸರಿಯಾದ ಕೀಲಿಯಿಂದ ದೃಢಪಡದ ಯಾವ ಸಂದೇಶಕ್ಕೂ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಜಾಲಾಡುವವರಿಗೆ ಅಲ್ಲೊಂದು ಸೇವೆ ಇದೆ ಎಂಬುದೂ ತಿಳಿಯುವುದಿಲ್ಲ. 2020ರಿಂದ ಅದು ಲಿನಕ್ಸ್ ಕರ್ನೆಲ್‌ನ ಭಾಗವೂ ಆಗಿದೆ.

ಆದ್ದರಿಂದ ನಮ್ಮ ನಿದರ್ಶನದಲ್ಲಿ ಎನ್‌ವಿಆರ್‌ಗೆ ಯಾವ ಪೋರ್ಟನ್ನೂ ತೆರೆಯುವುದಿಲ್ಲ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದನ್ನು ಇಟ್ಟು, ಅದರಲ್ಲಿ ವೈರ್‌ಗಾರ್ಡ್ ನಡೆಸಿ, 51820 ಎಂಬ ಒಂದೇ ಯುಡಿಪಿ ಪೋರ್ಟನ್ನು ಅದಕ್ಕೆ ತೆರೆಯುತ್ತೇವೆ. ಮಗಳ ಫೋನ್ ವೈರ್‌ಗಾರ್ಡ್ ಮೂಲಕ ಮನೆಯ ಜಾಲದೊಳಗೆ ಬಂದ ಮೇಲೆ ಎನ್‌ವಿಆರ್ ಅನ್ನು ಮನೆಯಲ್ಲೇ ಕುಳಿತಂತೆ ನೋಡಬಹುದು. ಟಿಪಿ-ಲಿಂಕ್, ಏಸಸ್‌ನ ಕೆಲವು ಹೊಸ ಮಾದರಿಗಳಲ್ಲಿ ರೂಟರ್‌ನಲ್ಲೇ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಸರ್ವರ್ ಇರುತ್ತದೆ. ಇದ್ದರೆ ಅದನ್ನೇ ಬಳಸಿ, ಪ್ರತ್ಯೇಕ ಯಂತ್ರವೂ ಬೇಡ, ಫಾರ್ವರ್ಡಿಂಗೂ ಬೇಡ.

ಒಳಗಿನ ಯಂತ್ರಕ್ಕೆ ಕದಲದ ವಿಳಾಸ

ರೂಟರ್ ಹಂಚುವ ಖಾಸಗಿ ವಿಳಾಸಗಳು ಬದಲಾಗುತ್ತಿರುತ್ತವೆ. ಇಂದು ಪೈಗೆ ಸಿಕ್ಕ ವಿಳಾಸ ನಾಳೆ ಕರೆಂಟು ಹೋಗಿ ಬಂದ ಮೇಲೆ ಟಿವಿಗೆ ಸಿಗಬಹುದು. ಆಗ ನಿಮ್ಮ ನಿಯಮ ಟಿವಿಯ ಕಡೆಗೆ ಬೆರಳು ಮಾಡುತ್ತಿರುತ್ತದೆ. ಇದನ್ನು ತಪ್ಪಿಸಲು ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಸೌಲಭ್ಯವಿದೆ. ಅಲ್ಲಿ ಸಾಧನದ ಮ್ಯಾಕ್ ವಿಳಾಸವನ್ನೂ (ಕಾರ್ಖಾನೆಯಲ್ಲೇ ಕೊಟ್ಟ ಗುರುತು ಸಂಖ್ಯೆ) ನೀವು ಕೊಡಬಯಸುವ ಐಪಿಯನ್ನೂ ಜೋಡಿಸಿ ಉಳಿಸಿ, ಸಾಧನವನ್ನು ಒಮ್ಮೆ ಆರಿಸಿ ಹಚ್ಚಿ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ರಾಸ್ಪ್‌ಬೆರಿ ಪೈಯಂಥ ಸಾಧನಕ್ಕೆ ಕೇಬಲ್‌ಗೆ ಒಂದು, ವೈಫೈಗೆ ಇನ್ನೊಂದು ಮ್ಯಾಕ್ ವಿಳಾಸ ಇರುತ್ತದೆ; ಸಾಧ್ಯವಾದಷ್ಟೂ ಕೇಬಲ್ ಬಳಸಿ, ಅದರ ಮ್ಯಾಕ್ ವಿಳಾಸವನ್ನೇ ಕೊಡಿ. ಹಳೆಯ ಆಂಡ್ರಾಯ್ಡ್ ಫೋನನ್ನೇ ಸರ್ವರ್ ಮಾಡುವವರಿದ್ದರೆ, ಈಗಿನ ಫೋನ್‌ಗಳು ವೈಫೈಗೆ ಯಾದೃಚ್ಛಿಕ ಮ್ಯಾಕ್ ಬಳಸುತ್ತವೆ ಎಂಬುದನ್ನು ನೆನಪಿಟ್ಟುಕೊಂಡು, ಆ ಜಾಲಕ್ಕೆ ಸಾಧನದ ಮೂಲ ಮ್ಯಾಕ್ ಬಳಸುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ.

ಇದೇ ಹೊತ್ತಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮನೆಯ ಜಾಲವೂ 192.168.1, ಮಗಳು ಇರುವ ಪಿಜಿಯ ಜಾಲವೂ 192.168.1 ಆಗಿದ್ದರೆ, ಅವಳ ಫೋನ್ 192.168.1.60 ಎಂಬ ಎನ್‌ವಿಆರ್ ಅನ್ನು ಪಿಜಿಯ ವೈಫೈಯಲ್ಲೇ ಹುಡುಕಲು ಹೋಗಬಹುದು. ವೈರ್‌ಗಾರ್ಡ್ ಸಂಪರ್ಕ ಸಿಕ್ಕಿದ್ದರೂ ದೃಶ್ಯ ಬರದು. ಆದ್ದರಿಂದ ರೂಟರ್‌ನ ಲ್ಯಾನ್ (ಮನೆಯೊಳಗಿನ ಜಾಲ) ಪುಟದಲ್ಲಿ ಮನೆಯ ಜಾಲವನ್ನು ಯಾರೂ ಸುಲಭಕ್ಕೆ ಬಳಸದ ಸಂಖ್ಯೆಗೆ, ಉದಾಹರಣೆಗೆ 192.168.47ಕ್ಕೆ, ಬದಲಿಸಿ. ಬದಲಿಸಿದ ಮೇಲೆ ರೂಟರ್‌ನ ಪುಟ 192.168.47.1ರಲ್ಲಿ ತೆರೆದುಕೊಳ್ಳುತ್ತದೆ. ನಮ್ಮ ನಿದರ್ಶನದಲ್ಲಿ ಪೈಗೆ 192.168.47.50, ಎನ್‌ವಿಆರ್‌ಗೆ 192.168.47.60 ಎಂದು ಕಾದಿರಿಸೋಣ. ಎನ್‌ವಿಆರ್‌ನೊಳಗೆ ಹಳೆಯ ವಿಳಾಸವನ್ನು ಕೈಯಾರೆ ಬರೆದಿದ್ದರೆ ಅದನ್ನು ಮೊದಲು ಡಿಎಚ್‌ಸಿಪಿಗೆ ಬದಲಿಸಬೇಕು.

ನಿಯಮ ಬರೆಯುವುದು

ಈಗ ಆ ಐದು ನಿಮಿಷದ ಕೆಲಸಕ್ಕೆ ಬರೋಣ. ಟಿಪಿ-ಲಿಂಕ್‌ನಲ್ಲಿ ಅಡ್ವಾನ್ಸ್‌ಡ್ ವಿಭಾಗದ ನ್ಯಾಟ್ ಫಾರ್ವರ್ಡಿಂಗ್ ಅಡಿಯಲ್ಲಿ ಇದು ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ಸ್ ಎಂಬ ಹೆಸರಿನಲ್ಲಿರುತ್ತದೆ. ಏಸಸ್‌ನಲ್ಲಿ ವ್ಯಾನ್ ಅಡಿಯಲ್ಲಿ ವರ್ಚುವಲ್ ಸರ್ವರ್ ಅಥವಾ ಪೋರ್ಟ್ ಫಾರ್ವರ್ಡಿಂಗ್ ಎಂದು. ಹುವಾವೇಯ ಅನೇಕ ಒಎನ್‌ಟಿಗಳಲ್ಲಿ ಪೋರ್ಟ್ ಮ್ಯಾಪಿಂಗ್ ಎಂದು. ಹೆಸರು ಏನೇ ಇರಲಿ, ಹೊಸ ನಿಯಮ ಸೇರಿಸುವ ಗುಂಡಿ ಒತ್ತಿದಾಗ ಬರುವ ನಮೂನೆಯಲ್ಲಿ ತುಂಬಬೇಕಾದದ್ದು ಇಷ್ಟು:

ಸೇವೆಯ ಹೆಸರು: ವೈರ್‌ಗಾರ್ಡ್ (ನಿಮಗೆ ಗುರುತು ಸಿಕ್ಕರೆ ಸಾಕು)
ಹೊರಗಿನ ಪೋರ್ಟ್: 51820
ಒಳಗಿನ ಐಪಿ: 192.168.47.50
ಒಳಗಿನ ಪೋರ್ಟ್: 51820
ಪ್ರೋಟೊಕಾಲ್: ಯುಡಿಪಿ

ಉಳಿಸಿ, ನಿಯಮ ಚಾಲೂ ಇದೆ ಎಂದು ಪಟ್ಟಿಯಲ್ಲಿ ಕಾಣುತ್ತಿದೆಯೇ ನೋಡಿ. ಕೆಲವು ಒಎನ್‌ಟಿಗಳಲ್ಲಿ ವ್ಯಾನ್ ಸಂಪರ್ಕ ಯಾವುದು ಎಂದೂ ಕೇಳುತ್ತದೆ. ಪಟ್ಟಿಯಲ್ಲಿ ದೂರವಾಣಿಗೆ ಒಂದು, ಆಪರೇಟರ್‌ರ ನಿರ್ವಹಣೆಗೆ ಒಂದು, ಇಂಟರ್ನೆಟ್‌ಗೆ ಒಂದು ಇದ್ದರೆ ಇಂಟರ್ನೆಟ್ ಎಂದಿರುವುದನ್ನೇ ಆರಿಸಿ. ಹೊರಗಿನ ಪೋರ್ಟ್ ಮತ್ತು ಒಳಗಿನ ಪೋರ್ಟ್ ಒಂದೇ ಆಗಿರಬೇಕೆಂದಿಲ್ಲ. ಸ್ವಂತ ಜಾಲತಾಣ ನಡೆಸುವವರಿಗೆ ಸೇವಾದಾರರು 80 ಮತ್ತು 443ನ್ನು ತಡೆದಿದ್ದರೆ ಹೊರಗೆ 8443, ಒಳಗೆ 443 ಎಂದು ಬರೆಯಬಹುದು. ಹೀಗೆ ಸಂಖ್ಯೆ ಬದಲಿಸುವುದು ಅನುಕೂಲಕ್ಕೆ ಮಾತ್ರ, ಅದರಿಂದ ಭದ್ರತೆ ಬರುವುದಿಲ್ಲ.

ಅದೇ ವಿಭಾಗದಲ್ಲಿ ಡಿಎಂಜೆಡ್ ಮತ್ತು ಯುಪಿಎನ್‌ಪಿ ಎಂಬ ಎರಡು ಆಯ್ಕೆಗಳು ಕಾಣುತ್ತವೆ. ಡಿಎಂಜೆಡ್ ಎಂದರೆ ಬೇರೆ ನಿಯಮವಿಲ್ಲದ ಎಲ್ಲ ಪೋರ್ಟ್‌ಗಳನ್ನೂ ಒಂದೇ ಯಂತ್ರಕ್ಕೆ ತಿರುಗಿಸುವುದು. ಮನೆಯಲ್ಲಿ ಇದರ ಅಗತ್ಯ ಬರುವುದು ತೀರಾ ಅಪರೂಪ. ಯುಪಿಎನ್‌ಪಿ ಚಾಲೂ ಇದ್ದರೆ ಮನೆಯೊಳಗಿನ ಯಾವುದೇ ಸಾಧನ ನಿಮ್ಮನ್ನು ಕೇಳದೆ ತನಗೆ ಬೇಕಾದ ಪೋರ್ಟನ್ನು ತೆರೆದುಕೊಳ್ಳಬಹುದು. ನೀವು ಎನ್‌ವಿಆರ್‌ಗೆ ನಿಯಮ ಬರೆಯದಿದ್ದರೂ ಅದೇ ಬರೆದುಕೊಂಡಿರಬಹುದು. ಆ ಪುಟದ ಪಟ್ಟಿಯನ್ನು ಒಮ್ಮೆ ನೋಡಿ, ನಂತರ ಯುಪಿಎನ್‌ಪಿಯನ್ನು ಆಫ್ ಮಾಡಿ. ಗೇಮ್ ಕನ್ಸೋಲ್ ಇರುವ ಮನೆಯಲ್ಲಿ ಇದರಿಂದ ಕೆಲವು ಆಟಗಳಿಗೆ ಅಡ್ಡಿಯಾದರೆ, ಆ ಕನ್ಸೋಲ್‌ಗೆ ಬೇಕಾದ ಪೋರ್ಟ್‌ಗಳಿಗಷ್ಟೇ ನಿಯಮ ಬರೆಯಿರಿ.

ಪೈಯ ಕಡೆಯ ಕೆಲಸ ಮತ್ತು ಯಂತ್ರದ ಸ್ವಂತ ಫೈರ್‌ವಾಲ್

ವೈರ್‌ಗಾರ್ಡ್ ಅಳವಡಿಕೆಯ ಪೂರ್ಣ ವಿವರ ಈ ಬರಹದ ವ್ಯಾಪ್ತಿಗೆ ಮೀರಿದ್ದು. ಫಾರ್ವರ್ಡಿಂಗ್‌ಗೆ ಸಂಬಂಧಿಸಿದಷ್ಟನ್ನು ಹೇಳುತ್ತೇನೆ. ಪೈಗೂ ಪ್ರತಿಯೊಂದು ಫೋನಿಗೂ ಪ್ರತ್ಯೇಕ ಕೀಲಿ ಜೋಡಿ ಇರಬೇಕು. ಫೋನಿನ ಕಡೆಯ ‘ಅಲೌಡ್ ಐಪಿಗಳು’ ಎಂಬಲ್ಲಿ 192.168.47.0/24 ಎಂದು ಬರೆದರೆ ಮನೆಯ ಜಾಲದ ಸಂಚಾರ ಮಾತ್ರ ವೈರ್‌ಗಾರ್ಡ್ ಮೂಲಕ ಸಾಗುತ್ತದೆ, ಉಳಿದದ್ದು ಎಂದಿನಂತೆ ಹೋಗುತ್ತದೆ. ಪೈಯಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಜಾಲದ ಸಂಚಾರವನ್ನು ಇನ್ನೊಂದಕ್ಕೆ ದಾಟಿಸುವ ಸೌಲಭ್ಯ) ಚಾಲೂ ಇರಬೇಕು. ಜೊತೆಗೆ ವೈರ್‌ಗಾರ್ಡ್‌ನಿಂದ ಮನೆಯ ಜಾಲಕ್ಕೆ ಹೋಗುವ ಸಂಚಾರಕ್ಕೆ ಮಾಸ್ಕರೇಡ್ ನಿಯಮ (ಅದು ಪೈಯದೇ ವಿಳಾಸದಿಂದ ಬಂದಂತೆ ತೋರಿಸುವ ನಿಯಮ) ಇರಬೇಕು. ಇಲ್ಲದಿದ್ದರೆ ಎನ್‌ವಿಆರ್‌ಗೆ ಪ್ರಶ್ನೆ ತಲುಪುತ್ತದೆ, ಆದರೆ ಉತ್ತರವನ್ನು ಎಲ್ಲಿಗೆ ಕಳುಹಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ರೂಟರ್ ಬಿಟ್ಟ ಮಾತ್ರಕ್ಕೆ ಯಂತ್ರ ಬಿಡುತ್ತದೆ ಎಂದೇನೂ ಇಲ್ಲ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸರ್ವರ್ ನಡೆಸುತ್ತಿದ್ದರೆ ವಿಂಡೋಸ್ ಡಿಫೆಂಡರ್ ಫೈರ್‌ವಾಲ್‌ನ ಇನ್‌ಬೌಂಡ್ ರೂಲ್ಸ್‌ನಲ್ಲಿ ಅದೇ ಪೋರ್ಟ್‌ಗೆ ಅನುಮತಿ ಕೊಡಬೇಕು. ಮನೆಯ ವೈಫೈಯನ್ನು ವಿಂಡೋಸ್ ಪಬ್ಲಿಕ್ ಎಂದು ಗುರುತಿಸಿಕೊಂಡಿದ್ದು, ಅನುಮತಿಯನ್ನು ಪ್ರೈವೇಟ್‌ಗೆ ಮಾತ್ರ ಕೊಟ್ಟಿದ್ದರೂ ಸಂಪರ್ಕ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಬಳಸುತ್ತಿದ್ದರೆ ಅಲ್ಲಿಯೂ ಇದೇ ಕೆಲಸ ಆಗಬೇಕು.

ಬದಲಾಗುವ ಹೊರಗಿನ ವಿಳಾಸಕ್ಕೆ ಸ್ಥಿರ ಹೆಸರು

ಸ್ಟ್ಯಾಟಿಕ್ ಐಪಿ ಪಡೆಯದವರ ಸಾರ್ವಜನಿಕ ವಿಳಾಸ, ರೂಟರ್ ಮತ್ತೆ ಸಂಪರ್ಕ ಪಡೆದಾಗೆಲ್ಲ ಬದಲಾಗಬಹುದು. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಡೈನಮಿಕ್ ಡಿಎನ್‌ಎಸ್ ಸೇವೆಯೊಂದರಲ್ಲಿ ಹೆಸರು ನೋಂದಾಯಿಸಿ, ರೂಟರ್‌ನ ಡಿಡಿಎನ್‌ಎಸ್ ಪುಟದಲ್ಲಿ ಅದರ ವಿವರ ತುಂಬಿದರೆ, ವಿಳಾಸ ಬದಲಾದಾಗೆಲ್ಲ ರೂಟರ್ ತಾನೇ ಹೊಸದನ್ನು ದಾಖಲಿಸುತ್ತದೆ. ಡಕ್‌ಡಿಎನ್‌ಎಸ್ ಉಚಿತ, ನೋ-ಐಪಿಯ ಉಚಿತ ಹೆಸರನ್ನು 30 ದಿನಕ್ಕೊಮ್ಮೆ ದೃಢೀಕರಿಸುತ್ತಿರಬೇಕು, ಟಿಪಿ-ಲಿಂಕ್, ಏಸಸ್ ತಮ್ಮ ಅನೇಕ ರೂಟರ್‌ಗಳಿಗೆ ತಾವೇ ಈ ಸೇವೆ ಕೊಡುತ್ತವೆ. ಎರಡು ರೂಟರ್ ಇರುವ ಮನೆಯಲ್ಲಿ ಒಳಗಿನ ರೂಟರ್ ತನ್ನ ಖಾಸಗಿ ವ್ಯಾನ್ ವಿಳಾಸವನ್ನೇ ದಾಖಲಿಸಿಬಿಡುವ ಅಪಾಯವಿದೆ. ಆಗ ಹೆಸರನ್ನು ಪೈಯಿಂದಲೇ ನವೀಕರಿಸುವುದು ಮೇಲು. ರೂಟರ್‌ಗೂ ಒಎನ್‌ಟಿಗೂ 12 ವೋಲ್ಟ್‌ನ ಸಣ್ಣ ಯುಪಿಎಸ್ ಜೋಡಿಸಿದರೆ ಈ ತೊಂದರೆಯ ದೊಡ್ಡ ಪಾಲು ಕಡಿಮೆಯಾಗುತ್ತದೆ. ಕೊಳ್ಳುವ ಮೊದಲು ಎರಡರ ಅಡಾಪ್ಟರ್‌ಗಳ ಮೇಲಿನ ವೋಲ್ಟೇಜ್ ಮತ್ತು ಆಂಪಿಯರ್ ಓದಿಕೊಳ್ಳಿ.

ಪರೀಕ್ಷಿಸುವುದು ಹೊರಗಿನಿಂದಲೇ

ಮನೆಯ ವೈಫೈಯಲ್ಲಿದ್ದುಕೊಂಡು ಮನೆಯದೇ ಸಾರ್ವಜನಿಕ ವಿಳಾಸವನ್ನು ಪ್ರಯತ್ನಿಸಬೇಡಿ. ಹೊರಟ ಸಂಪರ್ಕವನ್ನು ಮತ್ತೆ ಒಳಕ್ಕೆ ತಿರುಗಿಸುವ ಸಾಮರ್ಥ್ಯ ಎಲ್ಲ ರೂಟರ್‌ಗಳಿಗೂ ಇರುವುದಿಲ್ಲ. ಹೊರಗಿನವರಿಗೆ ಎಲ್ಲ ಸರಿಯಾಗಿದ್ದರೂ ನಿಮಗೆ ಕೆಟ್ಟಂತೆ ಕಾಣಬಹುದು. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ.

ಟಿಸಿಪಿ ಪೋರ್ಟ್ ಆದರೆ, ಪೋರ್ಟ್ ತೆರೆದಿದೆಯೇ ಎಂದು ಹೊರಗಿನಿಂದ ನೋಡಿ ಹೇಳುವ ತಾಣಗಳಿವೆ. ಪರೀಕ್ಷಿಸುವ ಹೊತ್ತಿನಲ್ಲಿ ನಿಮ್ಮ ಸರ್ವರ್ ತಂತ್ರಾಂಶ ಓಡುತ್ತಿರಬೇಕು, ಇಲ್ಲದಿದ್ದರೆ ನಿಯಮ ಸರಿಯಿದ್ದರೂ ಮುಚ್ಚಿದೆ ಎಂದೇ ಉತ್ತರ ಬರುತ್ತದೆ. ಸಂಪರ್ಕ ನಿರಾಕರಿಸಲಾಯಿತು ಎಂದು ಕೂಡಲೇ ಬಂದರೆ, ಸಂದೇಶ ಸಾಮಾನ್ಯವಾಗಿ ಯಾವುದೋ ಯಂತ್ರವನ್ನು ತಲುಪಿದೆ, ಆದರೆ ಅಲ್ಲಿ ಕೇಳಿಸಿಕೊಳ್ಳುವ ತಂತ್ರಾಂಶವಿಲ್ಲ. ಬಹಳ ಹೊತ್ತು ಕಾದು ಸಮಯ ಮೀರಿತು ಎಂದು ಬಂದರೆ, ದಾರಿಯಲ್ಲೇ ಫೈರ್‌ವಾಲ್ ಅಥವಾ ಸಿಜಿನ್ಯಾಟ್ ಅದನ್ನು ನುಂಗಿದೆ.

ವೈರ್‌ಗಾರ್ಡ್‌ಗೆ ಈ ತಾಣಗಳು ಕೆಲಸಕ್ಕೆ ಬರುವುದಿಲ್ಲ; ಅದು ಅಪರಿಚಿತರಿಗೆ ಉತ್ತರಿಸುವುದಿಲ್ಲ ಎಂದು ಆಗಲೇ ನೋಡಿದೆವಲ್ಲ. ಫೋನಿನ ಆ್ಯಪ್‌ನಲ್ಲಿ ಸಂಪರ್ಕ ಚಾಲೂ ಮಾಡಿ, ಕೊನೆಯ ಹ್ಯಾಂಡ್‌ಶೇಕ್ (ಎರಡೂ ತುದಿಗಳು ಪರಸ್ಪರ ಗುರುತಿಸಿಕೊಂಡದ್ದು) ಎಂಬ ಸಾಲು ಮೂಡುತ್ತದೆಯೇ ನೋಡಿ. ಮೂಡದೆ, ಕಳುಹಿಸಿದ ಬೈಟ್‌ಗಳು ಏರುತ್ತಿದ್ದು, ಒಳಬಂದ ಬೈಟ್‌ಗಳು ಸೊನ್ನೆಯಲ್ಲೇ ನಿಂತಿದ್ದರೆ, ಪೈಯಲ್ಲಿ ಟಿಸಿಪಿಡಂಪ್ ಎಂಬ ಸಾಧನದಿಂದ 51820ಕ್ಕೆ ಏನಾದರೂ ಬರುತ್ತಿದೆಯೇ ಎಂದು ನೋಡಬೇಕು. ಸಂದೇಶಗಳು ಬರುತ್ತಿದ್ದರೆ ಫಾರ್ವರ್ಡಿಂಗ್ ಕೆಲಸ ಮಾಡುತ್ತಿದೆ, ತಪ್ಪು ಕೀಲಿಯಲ್ಲೋ ಪೈಯ ಫೈರ್‌ವಾಲ್‌ನಲ್ಲೋ ಇದೆ. ಏನೂ ಬರದಿದ್ದರೆ ಪೈಯನ್ನು ಬಿಟ್ಟು ರೂಟರ್ ಕಡೆಗೆ, ಅಲ್ಲಿಂದ ಒಎನ್‌ಟಿಯ ಕಡೆಗೆ, ಕೊನೆಗೆ ಆ ಮೊದಲನೆಯ ಪರೀಕ್ಷೆಯ ಕಡೆಗೆ ಹಿಂದಿರುಗಿ. ಹ್ಯಾಂಡ್‌ಶೇಕ್ ಆಗಿಯೂ ಎನ್‌ವಿಆರ್ ಕಾಣದಿದ್ದರೆ ಮಾಸ್ಕರೇಡ್ ನಿಯಮವನ್ನೂ ಎರಡು ಜಾಲಗಳ ಸಂಖ್ಯೆ ಒಂದೇ ಆಗಿದೆಯೇ ಎಂಬುದನ್ನೂ ನೋಡಿ.

ಐಪಿವಿ6 ಇದ್ದಲ್ಲಿ

ಐಪಿವಿ6ರಲ್ಲಿ ಮನೆಯ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಇರುವುದರಿಂದ ಫಾರ್ವರ್ಡಿಂಗ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ರೂಟರ್‌ನ ಫೈರ್‌ವಾಲ್ ಒಳಬರುವುದನ್ನು ತಡೆಯುತ್ತಿರುತ್ತದೆ. ಐಪಿವಿ6 ಫೈರ್‌ವಾಲ್ ಪುಟದಲ್ಲಿ ಪೈಯ ವಿಳಾಸಕ್ಕೆ, ಯುಡಿಪಿ 51820ಕ್ಕೆ ಅನುಮತಿ ಕೊಟ್ಟರೆ ಸಾಕು. ಭಾರತದ ಮೊಬೈಲ್ ಜಾಲಗಳಲ್ಲಿ ಐಪಿವಿ6 ವ್ಯಾಪಕವಾಗಿರುವುದರಿಂದ, ಸಿಜಿನ್ಯಾಟ್‌ನಲ್ಲಿ ಸಿಲುಕಿದ ಮನೆಗೂ ಇದು ನಿಜವಾದ ದಾರಿ. ಅಡಚಣೆ ಎರಡು: ಸೇವಾದಾರರು ಕೊಟ್ಟ ಎಷ್ಟೋ ರೂಟರ್‌ಗಳಲ್ಲಿ ಇಂಥ ಅನುಮತಿ ಬರೆಯುವ ಪುಟವೇ ಇರುವುದಿಲ್ಲ, ಮತ್ತು ವಿಳಾಸದ ಮೊದಲರ್ಧ ಆಗಾಗ ಬದಲಾಗುವುದರಿಂದ ಡೈನಮಿಕ್ ಡಿಎನ್‌ಎಸ್‌ನಲ್ಲಿ ಐಪಿವಿ6ರ ನಮೂದನ್ನು ಪೈಯಿಂದಲೇ ನವೀಕರಿಸುತ್ತಿರಬೇಕು. ಮಗಳು ಇರುವ ಕಚೇರಿಯ ವೈಫೈಯಲ್ಲಿ ಐಪಿವಿ6 ಇಲ್ಲದಿದ್ದರೆ, ಫೋನಿನ ಮೊಬೈಲ್ ಡೇಟಾದಲ್ಲಿ ನೋಡಬೇಕಾಗುತ್ತದೆ.

ಚಾಲೂ ಆದ ಮೇಲೆ

ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಅನ್ನು ಚೀಟಿಯಲ್ಲಿರುವಂತೆ ಬಿಟ್ಟಿದ್ದರೆ ಇಂದೇ ಬದಲಿಸಿ, ಹೊರಗಿನಿಂದ ರೂಟರ್ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಯ್ಕೆ ಆಫ್ ಆಗಿರಲಿ. ರೂಟರ್‌ನ ಫರ್ಮ್‌ವೇರನ್ನೂ ಪೈಯ ತಂತ್ರಾಂಶವನ್ನೂ ಆಗಾಗ ನವೀಕರಿಸಿ. ಬರೆದ ಪ್ರತಿ ನಿಯಮಕ್ಕೂ ಅದು ಯಾವುದಕ್ಕಾಗಿ, ಯಾವ ಯಂತ್ರಕ್ಕಾಗಿ ಎಂದು ಒಂದು ಹಾಳೆಯಲ್ಲಿ ಬರೆದು ರೂಟರ್ ಬಳಿಯೇ ಇಡಿ. ಒಎನ್‌ಟಿ ಕೆಟ್ಟು ಆಪರೇಟರ್ ಕಡೆಯವರು ಹೊಸ ಪೆಟ್ಟಿಗೆ ಹಾಕಿದ ದಿನ ನಿಯಮಗಳೆಲ್ಲ ಅಳಿಸಿಹೋಗಿರುತ್ತವೆ, ಆಗ ತಂದೆ ಆ ಹಾಳೆಯನ್ನು ಫೋನಿನಲ್ಲಿ ಓದಿ ಹೇಳಿದರೆ ಸಾಕಾಗುತ್ತದೆ. ಯಾರಾದರೂ ಫೋನ್ ಕಳೆದುಕೊಂಡರೆ ಆ ಫೋನಿನ ಕೀಲಿಯನ್ನು ಮಾತ್ರ ಪೈಯಿಂದ ತೆಗೆಯಿರಿ, ಉಳಿದವರ ಸಂಪರ್ಕಕ್ಕೆ ತೊಂದರೆಯಾಗುವುದಿಲ್ಲ. ಬಳಕೆ ನಿಂತ ನಿಯಮವನ್ನು, ಮುಂದೆ ಬೇಕಾದೀತು ಎಂದು ಉಳಿಸದೆ, ಅದೇ ದಿನ ಅಳಿಸಿ. ಬೇಕಾದಾಗ ಮತ್ತೆ ಬರೆಯಲು ಐದು ನಿಮಿಷ ಸಾಕು.